ಫೋನ್ ಎತ್ತಲಾಗದ ಹೊತ್ತಿಗೊಂದು ದನಿ

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರ ಫೋನಿಗೆ ಬಿಡುವಿಲ್ಲ. ಸಾಂಗ್ಲಿಯಿಂದಲೋ ತಾಸಗಾಂವದಿಂದಲೋ ವ್ಯಾಪಾರಿ ಮಣೂಕದ, ಅಂದರೆ ಒಣದ್ರಾಕ್ಷಿಯ, ದರ ಕೇಳುತ್ತಾನೆ. ಇಲ್ಲಿ ರ‍್ಯಾಕಿನ ಮೇಲೆ ಹಣ್ಣು ಹರಡುವ ಗಡಿಬಿಡಿ, ಕೈತುಂಬ ಹಣ್ಣು ಅದ್ದುವ ಡಿಪ್ಪಿಂಗ್ ಎಣ್ಣೆ. ಎತ್ತದಿದ್ದರೆ ಆತ ಮುಂದಿನ ನಂಬರ್ ಒತ್ತುತ್ತಾನೆ. ಮಿಸ್ಡ್ ಕಾಲ್ ನೋಡಿ ತಿರುಗಿ ಮಾಡುವುದು ನಮ್ಮ ರೂಢಿ, ಅದಕ್ಕೇ ವಾಯ್ಸ್‌ಮೇಲ್ ಇಲ್ಲಿ ಬೇರು ಬಿಡಲಿಲ್ಲ. ಆದರೆ ಸಂಜೆ ಫೋನ್ ತೆಗೆದರೆ ಗಿರಾಕಿ ಯಾರು, ಬೀಗರು ಯಾರು, ಸಾಲ ಕೊಡುತ್ತೇವೆನ್ನುವವರು ಯಾರು, ಒಂದೂ ತಿಳಿಯುವುದಿಲ್ಲ. ಅದಕ್ಕೆ ಮದ್ದು, ಎತ್ತದ ಕರೆಗೆ ನಿಮ್ಮದೇ ದನಿಯಲ್ಲಿ ಉತ್ತರಿಸುವ ಒಂದು ರೆಕಾರ್ಡಿಂಗ್.

ಹಂತ 1: ದನಿ ಎಲ್ಲಿ ಕೂರಬೇಕು?

ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಎತ್ತದ ಕರೆಗೆ ತಾನೇ ಉತ್ತರಿಸುವ ಸೌಲಭ್ಯವಿದೆ. ಮೊದಲು ನಿಮ್ಮದರಲ್ಲಿ ಹುಡುಕಿ. ಇಲ್ಲದಿದ್ದರೆ ಬೆಂಗಳೂರಿನ ಎಕ್ಸೊಟೆಲ್‌ನಂಥ ಕ್ಲೌಡ್ ಟೆಲಿಫೋನಿ ಕಂಪನಿಯಿಂದ ತಿಂಗಳ ಬಾಡಿಗೆಗೆ ನಂಬರ್ ಪಡೆಯಬೇಕು. ಐದಾರು ಬೆಳೆಗಾರರು ಸೇರಿ ಪಡೆದರೆ ಹೊರೆಯಾಗದು. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಸ್ವಾಗತ ಸಂದೇಶ ಬರೀ ಅಕ್ಷರ, ಕರೆಗೆ ಅದು ಉತ್ತರಿಸುವುದಿಲ್ಲ.

ಹಂತ 2: ಬರೆದುಕೊಳ್ಳಿ

ಹದಿನೈದು ಸೆಕೆಂಡು ಸಾಕು. ಯಾರು, ಯಾಕೆ ಎತ್ತುತ್ತಿಲ್ಲ, ಕರೆ ಮಾಡಿದವರು ಏನು ಹೇಳಬೇಕು, ನೀವು ಯಾವಾಗ ತಿರುಗಿ ಮಾಡುತ್ತೀರಿ, ಇಷ್ಟೇ. ಬೆಂಗಳೂರಿನ ಜಾಹೀರಾತಿನ ಕನ್ನಡ ಬೇಡ. ಸಂಜೆ ನೀವು ಮಾತಾಡುವ ಕನ್ನಡವೇ ಇಲ್ಲೂ ಕೇಳಲಿ:

“ನಮಸ್ಕಾರ್ರೀ. ಇದು ಬಬಲೇಶ್ವರದ (ನಿಮ್ಮ ಹೆಸರು) ದ್ರಾಕ್ಷಿ ತ್ವಾಟ. ಈಗ ಶೆಡ್ಡಿನ್ಯಾಗ ಕೆಲಸ ನಡದೈತ್ರಿ. ಬೀಪ್ ಆದಮ್ಯಾಲ ನಿಮ್ಮ ಹೆಸರು, ಊರು, ಎಷ್ಟು ಮಾಲು ಬೇಕು ಅನ್ನೂದು ಹೇಳ್ರಿ. ಸಂಜಿ ಏಳರೊಳಗ ನಾವೇ ಫೋನ್ ಮಾಡ್ತೀವ್ರಿ.”

ದರ ಮಾತ್ರ ಹೇಳಬೇಡಿ, ಬೆಳಗಿನ ದರ ಸಂಜೆಗೆ ಇರುವುದಿಲ್ಲ. ಏಳರೊಳಗೆ ಮಾಡಲಾಗದಿದ್ದರೆ ಒಂಬತ್ತು ಎನ್ನಿ. ಗಡಿಯಾಚೆಯ ಗಿರಾಕಿ ಹೆಚ್ಚಿದ್ದರೆ ಕೊನೆಗೆ ಮರಾಠಿಯಲ್ಲಿ ಒಂದೇ ಸಾಲು ಸೇರಿಸಿ.

ಹಂತ 3: ಜಾಗ

ಇದೇ ದೊಡ್ಡ ಕೆಲಸ. ಗೋಳಗುಮ್ಮಟದ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದವರಿಗೆಲ್ಲ ಗೊತ್ತು: ಬರಿಗೋಡೆ ದನಿಯನ್ನು ಹೀರುವುದಿಲ್ಲ, ವಾಪಸ್ ಎಸೆಯುತ್ತದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲೆ ಅದು ಚೆಂದ, ನಿಮ್ಮ ರೆಕಾರ್ಡಿಂಗಿಗೆ ಶಾಪ. ಟೈಲ್ಸ್ ಹಾಕಿದ ಖಾಲಿ ಕೋಣೆ, ತಗಡಿನ ಶೆಡ್ಡು ಎರಡೂ ಬೇಡ. ಹಾಸಿಗೆ, ಬಟ್ಟೆ ತುಂಬಿದ ಕೋಣೆಯಲ್ಲಿ ಎದುರಿನ ಗೋಡೆಗೊಂದು ದಪ್ಪ ಕೌದಿ ಇಳಿಬಿಡಿ. ಗಾಜು ಏರಿಸಿದ ಕಾರೂ ಆದೀತು. ಫ್ಯಾನ್ ಬಂದ್ ಮಾಡಲೇಬೇಕು. ವಿಜಯಪುರದ ಬಿಸಿಲಿಗೆ ಅದು ಮಧ್ಯಾಹ್ನ ಆಗದ ಮಾತು, ನಸುಕಿನಲ್ಲೇ ಮುಗಿಸಿ. ಪಕ್ಕದ ತೋಟದ ಔಷಧಿ ಸಿಂಪಡಿಸುವ ಬ್ಲೋವರ್ ಕೂಡ ಸುಮ್ಮನಿರುವ ಹೊತ್ತು ನೋಡಿಕೊಳ್ಳಿ.

ಹಂತ 4: ರೆಕಾರ್ಡಿಂಗ್

ಫೋನನ್ನು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಹಿಡಿಯಿರಿ. ನೇರಕ್ಕೆ ಹಿಡಿದರೆ ‘ಪ’, ‘ಬ’ ಬಂದಲ್ಲೆಲ್ಲ ಗಾಳಿ ಬಡಿಯುತ್ತದೆ. ನಿಂತು ಮಾತಾಡಿ, ಉಸಿರು ಸಲೀಸು. ಹಳೆಯ ಮಾದರಿಯ ಫೋನ್ ಲೈನು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತದೆ. ‘ಸ’, ‘ಶ’ಗಳ ಚೂಪು ಅದರಾಚೆ ಉಳಿಯುತ್ತದೆ, ಒಂದೇ ಥರ ಕೇಳುವ ಪದಗಳು ಕಲಸಿಹೋಗುತ್ತವೆ. ಹಾಗಾಗಿ ನಂಬರ್ ಹೇಳುವುದಿದ್ದರೆ ಎಪ್ಪತ್ತು, ಎಂಬತ್ತು ಎನ್ನದೆ ಏಳು, ಸೊನ್ನೆ ಎಂದು ಬಿಡಿಬಿಡಿಯಾಗಿ ಹೇಳಿ. ಹಿನ್ನೆಲೆ ಸಂಗೀತ ಹಾಕಲೇಬೇಡಿ, ಆ ಲೈನಿನಲ್ಲಿ ಅದು ಬರೀ ಗದ್ದಲ. ಕಂಪನಿ ಫೈಲ್ ಕೇಳಿದರೆ ಸಾಮಾನ್ಯವಾಗಿ 8 ಕಿಲೋಹರ್ಟ್ಸ್, ಮೋನೊ, ವೇವ್ ಮಾದರಿ.

ಹಂತ 5: ಕರೆ ತಿರುಗಿಸುವುದು

ಬಾಡಿಗೆ ನಂಬರ್ ಇದ್ದವರಿಗೆ ಮಾತ್ರ ಈ ಹಂತ. ಫೋನ್ ಸೆಟ್ಟಿಂಗ್ಸ್‌ನ ಕಾಲ್ ಫಾರ್ವರ್ಡಿಂಗ್‌ನಲ್ಲಿ ‘ಉತ್ತರಿಸದಿದ್ದಾಗ’ ಎಂಬುದಕ್ಕಷ್ಟೇ ಆ ನಂಬರ್ ಕೊಡಿ. ‘ಯಾವಾಗಲೂ’ ಒತ್ತಿದರೆ ನಿಮ್ಮ ಫೋನ್ ರಿಂಗ್ ಆಗುವುದೇ ಇಲ್ಲ. ಯಾರೋ ಫೋನಿನಲ್ಲಿ *401# ಒತ್ತಲು ಹೇಳಿದರೆ ಇಟ್ಟುಬಿಡಿ. ಕರೆಗಳನ್ನು ತಮ್ಮತ್ತ ತಿರುಗಿಸಿಕೊಂಡು ಓಟಿಪಿ ಕದಿಯುವವರ ದಾರಿ ಅದು. ಇಂಥ ಕೋಡ್‌ಗಳಿಂದ ಕರೆ ತಿರುಗಿಸುವ ಸೇವೆಯನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿದ್ದು ಇದಕ್ಕೇ.

ಹಂತ 6: ಪರೀಕ್ಷೆ

ಮನೆಯೊಳಗೆ ಕೇಳಿ ಒಪ್ಪಬೇಡಿ. ಗೆಳೆಯನೊಬ್ಬ ವಿಜಯಪುರದ ಗಾಂಧಿ ಚೌಕದ ಗದ್ದಲದಲ್ಲಿ ನಿಂತು ಕರೆ ಮಾಡಲಿ, ಕೇಳಿದ್ದನ್ನು ನಿಮಗೇ ತಿರುಗಿ ಹೇಳಲಿ. ಊರಿನ ಹೆಸರೋ ಸಮಯವೋ ತಪ್ಪಿದರೆ ಆ ಸಾಲನ್ನು ನಿಧಾನವಾಗಿ ಮತ್ತೆ ಹೇಳಿ. ಮಾರಾಟದ ಹಂಗಾಮು ಮುಗಿದು ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಶುರುವಾಗುವ ಹೊತ್ತಿಗೆ ‘ಎಷ್ಟು ಮಾಲು ಬೇಕು’ ಎಂಬುದನ್ನು ತೆಗೆದು ಹೊಸದಾಗಿ ರೆಕಾರ್ಡ್ ಮಾಡಿ.