ಎಂಜಿನ್ ಇಳಿಸುವ ಮುನ್ನ

ಹಳೆಯ ಜೀಪನ್ನು ಮನೆಯಂಗಳಕ್ಕೆ ಎಳೆತಂದು ನಿಲ್ಲಿಸಿದ್ದೀರಿ, ಎಂಜಿನ್ ಬದಲಿಸಿ ಮತ್ತೆ ಓಡಿಸಬೇಕೆಂಬ ಆಸೆ ನಿಮ್ಮದು. ಒಳ್ಳೆಯದೇ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯವರಿಗೆ ಪಂಪ್‌ಸೆಟ್ಟು, ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವುದು ಹೊಸತಲ್ಲ. ಆದರೆ ಆ ಒಂದೇ ಧೈರ್ಯದ ಮೇಲೆ, ಬೇರೇನೂ ನೋಡದೆ ಪಾನಾ ಹಿಡಿದು ಕೂತುಬಿಡುತ್ತೀರಲ್ಲ, ಅದು ನನಗೆ ಸೇರುವುದಿಲ್ಲ. ಎಂಜಿನ್ ಎತ್ತುವುದು ಅರ್ಧ ದಿನದ ಕೆಲಸ. ಅದಕ್ಕೆ ಮುಂಚಿನ ತಯಾರಿಯೇ ದೊಡ್ಡದು.

ಮೊದಲು ಕಾಗದಪತ್ರ. ಆರ್‌ಸಿ ಪುಸ್ತಕ ತೆಗೆದು ನೋಡಿ: ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ನವೀಕರಿಸಬೇಕು. ಅದನ್ನೇ ಮಾಡಿಸದವರು ಎಂಜಿನ್ ಕೊಂಡು ಏನು ಮಾಡುತ್ತೀರಿ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಆದ್ದರಿಂದ ಅದೇ ಮಾದರಿಯ, ಅದೇ ಇಂಧನದ ಎಂಜಿನ್ನನ್ನೇ ಹುಡುಕಿ. ಕೆಎ 23 ಫಲಕದ ಗಾಡಿಯಾದರೆ ಚಿಕ್ಕೋಡಿಯ ಆರ್‌ಟಿಓ ಕಚೇರಿಗೆ ಹೋಗಿ ಮೊದಲೇ ಅನುಮತಿ ಕೇಳಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ.

ಕಾಗವಾಡದವರಿಗೆ ಮಿರಜ್, ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ಅಗ್ಗಕ್ಕೆ ಸಿಕ್ಕಿತೆಂದು ಅಲ್ಲಿಂದ ಬಿಲ್ಲಿಲ್ಲದ ಎಂಜಿನ್ ಹೊತ್ತು ತರಬೇಡಿ. ಬ್ಲಾಕಿನ ಮೇಲೆ ಕೊರೆದ ನಂಬರನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಓದಿ. ಅಳಿಸಿ ಮತ್ತೆ ಬರೆದಂತೆ ಕಂಡರೆ ದೂರದಿಂದಲೇ ಕೈಮುಗಿದು ಬನ್ನಿ. ಆಯಿಲ್ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ ನೋಡಿ. ಮಜ್ಜಿಗೆಯ ಹಾಗೆ ಬೆಳ್ಳಗೆ ಅಂಟಿದರೆ ಆಯಿಲಿಗೆ ನೀರು ಬೆರೆತಿರಬಹುದು, ಅಂಥದ್ದನ್ನು ಬಿಚ್ಚಿಸಿ ನೋಡದೆ ಕೊಳ್ಳಬೇಡಿ.

ಇನ್ನು ಜಾಗ. ಇದರಲ್ಲಿ ನೀವು ಮಾಡುವ ಉಡಾಫೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಕೃಷ್ಣೆಯ ದಂಡೆಯ ಕಡೆ ನಮ್ಮದು ಎರೆಮಣ್ಣು. ಒಣಗಿದಾಗ ಕಲ್ಲಿನಂತಿದ್ದರೂ ನಾಲ್ಕು ಹನಿ ಬಿದ್ದರೆ ಜಾಕಿನ ಕಾಲು ಒಳಗಿಳಿಯುತ್ತದೆ. ಕಾಂಕ್ರೀಟ್ ನೆಲ ಇಲ್ಲದಿದ್ದರೆ ದಪ್ಪ ಹಲಗೆ ಹಾಸಿ. ಗಾಲಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಒಂದು ಗಳಿಗೆಯೂ ತೂರಬೇಡಿ, ಸ್ಟ್ಯಾಂಡ್ ಕೊಟ್ಟು, ಅಲುಗಾಡಿಸಿ ನೋಡಿ, ಆಮೇಲೆ ತೂರಿ. ಇಟ್ಟಿಗೆ ಪೇರಿಸುವುದಂತೂ ಬೇಡವೇ ಬೇಡ, ಅದು ಭಾರಕ್ಕೆ ಹೇಳದೆ ಕೇಳದೆ ಒಡೆಯುತ್ತದೆ. ದನದ ಮನೆಯ ಜಂತಿಗೆ ಚೈನ್ ಪುಲ್ಲಿ ಕಟ್ಟುವವರಿದ್ದಾರೆ. ಡೀಸೆಲ್ ಎಂಜಿನ್ ಒಂದು ಕ್ವಿಂಟಲ್‌ಗಿಂತ ಹೆಚ್ಚು ತೂಗುತ್ತದೆ, ಜಂತಿಯನ್ನು ಅಂಥ ಭಾರಕ್ಕೆಂದು ಹಾಕಿರುವುದಿಲ್ಲ. ಗ್ಯಾರೇಜಿನಿಂದ ಎಂಜಿನ್ ಹಾಯಿಸ್ಟ್ ಬಾಡಿಗೆಗೆ ತನ್ನಿ. ಎಂಜಿನ್ ಹೊರಬಂದ ಕೂಡಲೇ ಗೇರ್‌ಬಾಕ್ಸ್ ಜೋತುಬೀಳುತ್ತದೆ, ಅದಕ್ಕೂ ಕೆಳಗೆ ಮೊದಲೇ ಆಸರೆ ಕೊಡಿ.

ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ತೆಗೆಯಿರಿ, ಮರುಜೋಡಿಸುವಾಗ ಅದನ್ನೇ ಕೊನೆಗೆ ಹಾಕಿ. ರೇಡಿಯೇಟರ್ ಪೂರ್ತಿ ತಣಿಯದೆ ಮುಚ್ಚಳ ಮುಟ್ಟಬೇಡಿ. ಕೂಲಂಟ್ ಇಳಿಸಿದ ಬೋಗುಣಿಯನ್ನು ಅಂಗಳದಲ್ಲಿ ಬಿಡಲೇಬೇಡಿ. ಅದರ ರುಚಿ ಸಿಹಿ. ನಾಯಿ, ಕರು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿರುವ ಮನೆಯಲ್ಲಿ ಇನ್ನೂ ಜೋಕೆ. ಸುಟ್ಟ ಆಯಿಲನ್ನು ಕಾಲುವೆಗೋ ಬದುವಿಗೋ ಚೆಲ್ಲಿದರೆ ನಾಳೆ ಅದೇ ನೀರು ನಿಮ್ಮ ಕಬ್ಬಿಗೆ ಬರುತ್ತದೆ. ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡಿ.

ಪ್ರತಿ ತಂತಿಗೆ ಚೀಟಿ ಅಂಟಿಸಿ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನಟ್ಟು ಬೋಲ್ಟನ್ನೆಲ್ಲ ಒಂದೇ ಬುಟ್ಟಿಗೆ ಸುರಿದು ಆಮೇಲೆ ತಲೆ ಕೆರೆದುಕೊಂಡರೆ, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗೆ. ಖಾಲಿ ಜಾಗ ಸಿಕ್ಕಾಗಲೇ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಎಂಜಿನ್ ಮೌಂಟಿನ ರಬ್ಬರು ಇವನ್ನೆಲ್ಲ ನೋಡಿಬಿಡಿ. ಇನ್ನೂರು ರೂಪಾಯಿಯ ಸೀಲಿಗೆ ಜಿಪುಣತನ ಮಾಡಿ ಮತ್ತೆ ಎಂಜಿನ್ ಇಳಿಸುವುದು ಯಾವ ಬುದ್ಧಿವಂತಿಕೆ? ಬ್ರೇಕ್ ಕೂಡ ಇದೇ ಹೊತ್ತಿನಲ್ಲಿ ಸರಿಮಾಡಿ, ನಿಲ್ಲದ ಗಾಡಿಗೆ ಹೊಸ ಎಂಜಿನ್ ಏತಕ್ಕೆ?

ಕಬ್ಬು ಅರೆಯುವ ಸೀಸನ್ನಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಮಿಸ್ತ್ರಿಗಳೆಲ್ಲ ಟ್ರ್ಯಾಕ್ಟರ್, ಟ್ರೇಲರ್ ರಿಪೇರಿಯಲ್ಲಿ ಮುಳುಗಿರುತ್ತಾರೆ, ಕರೆದರೂ ಬರುವುದಿಲ್ಲ. ಮಳೆಗಾಲವೂ ಬೇಡ, ಬಿಚ್ಚಿಟ್ಟ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಯುಗಾದಿ ಕಳೆದ ಮೇಲೆ, ಬೆಳಗಿನ ತಂಪಿನಲ್ಲಿ ಶುರುಮಾಡಿ. ಎತ್ತುವ ಹೊತ್ತಿಗೆ ಜೊತೆಗೆ ಇಬ್ಬರು ಇರಲಿ, ಆದರೆ ಎತ್ತು, ಇಳಿಸು ಎಂದು ಹೇಳುವ ಬಾಯಿ ಒಂದೇ ಇರಲಿ. ಮಕ್ಕಳನ್ನು ಅಂಗಳದಿಂದ ಒಳಗೆ ಕಳಿಸಿ ಬಾಗಿಲು ಹಾಕಿ, ಆಮೇಲೆ ಸರಪಳಿಗೆ ಕೈಹಾಕಿ.