ಪಂಚಾಯಿತಿ ಜಾಲತಾಣದ ನವೀಕರಣ ಮತ್ತು ಪ್ಲಗಿನ್‌ಗಳು: ಸದಸ್ಯರಿಗೊಂದು ಅಧ್ಯಯನ ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರು ಜಾಲತಾಣವನ್ನು ಸ್ವತಃ ನಿರ್ವಹಿಸಬೇಕೆಂಬುದು ಈ ಪಾಠದ ಆಶಯವಲ್ಲ. ಅದನ್ನು ನಿರ್ವಹಿಸುವವರು ಯಾರು, ಆ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ಸಾಮಾನ್ಯ ಸಭೆಯಲ್ಲಿ ಪ್ರಶ್ನಿಸಲು ಬೇಕಾದ ತಿಳಿವಳಿಕೆಯನ್ನು ಒದಗಿಸುವುದೇ ಇದರ ಉದ್ದೇಶ. ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳ ನಿರ್ವಹಣೆ ರಾಜ್ಯ ಮಟ್ಟದಲ್ಲಿ ನಡೆಯುವುದರಿಂದ ಅವು ಈ ಪಾಠದ ವ್ಯಾಪ್ತಿಗೆ ಬರುವುದಿಲ್ಲ. ಪಂಚಾಯಿತಿಯೇ ಮುಂದಾಗಿ ಖಾಸಗಿಯವರಿಂದ ಮಾಡಿಸಿಕೊಂಡಿರುವ ಅಥವಾ ಮಾಡಿಸಿಕೊಳ್ಳಲಿರುವ ಜಾಲತಾಣಗಳನ್ನು ಕುರಿತು ಇಲ್ಲಿ ವಿವರಿಸಲಾಗಿದೆ.

ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣವು, ಸಾರ್ವಜನಿಕರು ಕೇಳುವ ಮೊದಲೇ ಮಾಹಿತಿಯನ್ನು ಅಂತರ್ಜಾಲವೂ ಸೇರಿದಂತೆ ವಿವಿಧ ಮಾಧ್ಯಮಗಳ ಮೂಲಕ ಪ್ರಕಟಿಸಲು ಸಾರ್ವಜನಿಕ ಪ್ರಾಧಿಕಾರಗಳು ಸತತವಾಗಿ ಶ್ರಮಿಸಬೇಕೆಂದು ಹೇಳುತ್ತದೆ. ಹೀಗೆ ಪ್ರಕಟಿಸಿದ ಫಲಾನುಭವಿಗಳ ಪಟ್ಟಿಯನ್ನೋ ತೆರಿಗೆ ಪಾವತಿಯ ವಿವರವನ್ನೋ ಹೊರಗಿನವರು ಗುಟ್ಟಾಗಿ ತಿದ್ದಲು ಸಾಧ್ಯವಾದರೆ, ಪಂಚಾಯಿತಿಯ ಹೆಸರಿನಲ್ಲಿಯೇ ಗ್ರಾಮಸ್ಥರಿಗೆ ಮೋಸವಾಗುತ್ತದೆ. ಆದುದರಿಂದ ಇದು ಕೇವಲ ಕಂಪ್ಯೂಟರ್ ಬಲ್ಲವರ ವಿಷಯವಲ್ಲ.

1. ಉಚಿತವಾದದ್ದು ಯಾವುದು, ಉಚಿತವಲ್ಲದ್ದು ಯಾವುದು

ಇಂದು ಬಹುಪಾಲು ಸಣ್ಣ ಜಾಲತಾಣಗಳನ್ನು ವರ್ಡ್‌ಪ್ರೆಸ್, ದ್ರುಪಲ್, ಜೂಮ್ಲಾದಂತಹ ಮುಕ್ತ ತಂತ್ರಾಂಶಗಳಿಂದ ನಿರ್ಮಿಸಲಾಗುತ್ತದೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವರ್ಡ್‌ಪ್ರೆಸ್ 2003ರ ಮೇ 27ರಂದು ಮೊದಲ ಬಾರಿಗೆ ಬಿಡುಗಡೆಯಾಯಿತು. ಇಂತಹ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಪರಿಶೀಲಿಸಬಹುದು, ತಿದ್ದಬಹುದು, ಹಂಚಬಹುದು. ಪರವಾನಗಿ ಶುಲ್ಕವಿಲ್ಲ.

ಪರವಾನಗಿ ಉಚಿತವಾದರೂ ನಿರ್ವಹಣೆ ಉಚಿತವಲ್ಲ. ಓವರ್‌ಹೆಡ್ ಟ್ಯಾಂಕ್ ಕಟ್ಟಿಸಿದ ಮೇಲೆ ಅದನ್ನು ಕಾಲಕಾಲಕ್ಕೆ ತೊಳೆಸಬೇಕು, ವಾಲ್ವ್ ನೋಡಿಕೊಳ್ಳಲು ನೀರುಗಂಟಿ ಇರಬೇಕು. ಜಾಲತಾಣವೂ ಹಾಗೆಯೇ. ನಿರ್ಮಾಣಕ್ಕೆ ಒಮ್ಮೆ ಹಣ ಪಾವತಿಸಿ ಕಡತ ಮುಗಿಸಿದರೆ ಅದು ಅನಾಥವಾಗುತ್ತದೆ.

ಜಾಲತಾಣದಲ್ಲಿ ಮೂರು ಭಾಗಗಳಿರುತ್ತವೆ. ಒಂದು, ಮೂಲ ತಂತ್ರಾಂಶ. ಎರಡು, ನೋಟವನ್ನು ನಿರ್ಧರಿಸುವ ಥೀಮ್. ಮೂರು, ಹೆಚ್ಚುವರಿ ಸೌಲಭ್ಯಗಳನ್ನು ಒದಗಿಸುವ ಪ್ಲಗಿನ್‌ಗಳು. ದೂರು ಸಲ್ಲಿಸುವ ನಮೂನೆ, ಛಾಯಾಚಿತ್ರಗಳ ಸಂಪುಟ, ಭೇಟಿ ನೀಡಿದವರ ಎಣಿಕೆ ಇವೆಲ್ಲ ಸಾಮಾನ್ಯವಾಗಿ ಪ್ಲಗಿನ್‌ಗಳ ಕೆಲಸ. ಈ ಮೂರನ್ನೂ ಪ್ರತ್ಯೇಕವಾಗಿ ನವೀಕರಿಸಬೇಕಾಗುತ್ತದೆ.

2. ವಿಳಂಬವೇ ಅಪಾಯ

ಮುಕ್ತ ತಂತ್ರಾಂಶದಲ್ಲಿ ದೋಷ ಕಂಡುಬಂದಾಗ ಅದರ ರೂಪಕರು ತಿದ್ದುಪಡಿಯನ್ನು ಎಲ್ಲರಿಗೂ ಕಾಣುವಂತೆ ಬಿಡುಗಡೆ ಮಾಡುತ್ತಾರೆ. ಇದು ಅದರ ಶಕ್ತಿ. ಆದರೆ ತಿದ್ದುಪಡಿಯನ್ನು ನೋಡಿದ ದುಷ್ಕರ್ಮಿಗೂ ಬಾಗಿಲು ಎಲ್ಲಿ ಸಡಿಲವಿತ್ತು ಎಂಬುದು ತಿಳಿಯುತ್ತದೆ. ಆದ್ದರಿಂದ ಹಳೆಯ ಆವೃತ್ತಿಯು ಅತ್ಯಂತ ಅಪಾಯಕ್ಕೆ ಒಳಗಾಗುವುದು ತಿದ್ದುಪಡಿ ಪ್ರಕಟವಾದ ಮರುಗಳಿಗೆಯಿಂದ.

ದ್ರುಪಲ್ ತಂತ್ರಾಂಶದ ಒಂದು ಗಂಭೀರ ದೋಷಕ್ಕೆ 2014ರ ಅಕ್ಟೋಬರ್ 15ರಂದು ತಿದ್ದುಪಡಿ ಬಂದಿತು. ಎರಡು ವಾರಗಳ ನಂತರ ಅದರ ಭದ್ರತಾ ತಂಡವು ಮತ್ತೊಂದು ಪ್ರಕಟಣೆ ನೀಡಿ, ಆ ದಿನ 7 ಗಂಟೆಗಳೊಳಗೆ ತಿದ್ದುಪಡಿ ಅಳವಡಿಸಿಕೊಳ್ಳದ ಜಾಲತಾಣಗಳೆಲ್ಲವೂ ದಾಳಿಗೊಳಗಾಗಿವೆ ಎಂದೇ ಭಾವಿಸಬೇಕೆಂದು ತಿಳಿಸಿತು. ಅಂತಹ ಜಾಲತಾಣಕ್ಕೆ ತಡವಾಗಿ ತಿದ್ದುಪಡಿ ಹಾಕಿದರೂ, ಅಷ್ಟರೊಳಗೆ ನುಸುಳಿದವರು ಉಳಿಸಿಹೋದ ಕಳ್ಳದಾರಿ ಮುಚ್ಚುವುದಿಲ್ಲ.

2017ರ ಜನವರಿ 26ರಂದು ವರ್ಡ್‌ಪ್ರೆಸ್‌ನ 4.7.2 ಆವೃತ್ತಿ ಬಿಡುಗಡೆಯಾಯಿತು. ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ಪುಟದ ಬರಹವನ್ನು ಬದಲಿಸಬಹುದಾಗಿದ್ದ ದೋಷವನ್ನು ಅದು ಸರಿಪಡಿಸಿತು. ಎಲ್ಲರೂ ನವೀಕರಿಸಿಕೊಳ್ಳಲೆಂದು ದೋಷದ ವಿವರವನ್ನು ಫೆಬ್ರವರಿ 1ರವರೆಗೆ ಗೋಪ್ಯವಾಗಿಡಲಾಗಿತ್ತು. ಆದರೂ ಕಡೆಗಣಿಸಿದ ಜಾಲತಾಣಗಳಲ್ಲಿ ಲಕ್ಷಾಂತರ ಪುಟಗಳು ವಿರೂಪಗೊಂಡವು.

3. ಆವೃತ್ತಿ ಸಂಖ್ಯೆಯನ್ನು ಓದುವ ಬಗೆ

ವರ್ಡ್‌ಪ್ರೆಸ್‌ನಲ್ಲಿ 6.7ರಿಂದ 6.8ಕ್ಕೆ ಹೋಗುವುದು ದೊಡ್ಡ ನವೀಕರಣ. ಇದರಲ್ಲಿ ಹೊಸ ಸೌಲಭ್ಯಗಳಿರುತ್ತವೆ. 6.8ರಿಂದ 6.8.1ಕ್ಕೆ ಹೋಗುವುದು ಕಿರು ನವೀಕರಣ. ಇದರಲ್ಲಿ ದೋಷ ಪರಿಹಾರ ಮತ್ತು ಭದ್ರತಾ ತಿದ್ದುಪಡಿಗಳಿರುತ್ತವೆ. ಕಿರು ನವೀಕರಣಗಳು 2013ರಲ್ಲಿ ಬಂದ 3.7 ಆವೃತ್ತಿಯಿಂದೀಚೆಗೆ ತಾವಾಗಿಯೇ ಅಳವಡುತ್ತವೆ. ಯಾರಾದರೂ ಈ ವ್ಯವಸ್ಥೆಯನ್ನು ನಿಲ್ಲಿಸಿದ್ದಾರೆಯೇ ಎಂಬುದನ್ನು ವಿಚಾರಿಸತಕ್ಕದ್ದು. ಪ್ಲಗಿನ್ ಮತ್ತು ಥೀಮ್‌ಗಳನ್ನೂ ಸ್ವಯಂಚಾಲಿತವಾಗಿ ನವೀಕರಿಸುವ ಆಯ್ಕೆ 2020ರಲ್ಲಿ ಬಂದ 5.5 ಆವೃತ್ತಿಯಿಂದ ಲಭ್ಯವಿದೆ. ಅದನ್ನು ನಿರ್ವಾಹಕರೇ ಚಾಲನೆಗೊಳಿಸಬೇಕು.

4. ಪ್ಲಗಿನ್: ಸೌಲಭ್ಯವೂ ಹೌದು, ಹೊಣೆಯೂ ಹೌದು

ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಪ್ಲಗಿನ್‌ಗಳಿವೆ. ಒಂದೊಂದನ್ನು ಸೇರಿಸಿದಾಗಲೂ ಪಂಚಾಯಿತಿಯು ಒಬ್ಬ ಅಪರಿಚಿತನ ಕೈಗೆ ಕಚೇರಿಯ ಬೀಗದ ಕೈ ಒಪ್ಪಿಸಿದಂತಾಗುತ್ತದೆ. ಆತ ಪ್ರಾಮಾಣಿಕನಾಗಿದ್ದರೂ, ನಾಳೆ ಆ ಕೈ ಬೇರೊಬ್ಬನ ವಶವಾಗಬಹುದು.

ಡಿಸ್‌ಪ್ಲೇ ವಿಜೆಟ್ಸ್ ಎಂಬ ಪ್ಲಗಿನ್ ಸುಮಾರು 2 ಲಕ್ಷ ಜಾಲತಾಣಗಳಲ್ಲಿತ್ತು. ಮೂಲ ರೂಪಕರು ಅದನ್ನು ಮಾರಿದರು. ಹೊಸ ಮಾಲೀಕರು 2017ರಲ್ಲಿ ಬಿಡುಗಡೆ ಮಾಡಿದ ಆವೃತ್ತಿಗಳಲ್ಲಿ, ಜಾಲತಾಣದಲ್ಲಿ ಜಾಹೀರಾತು ಪುಟಗಳನ್ನು ಗುಟ್ಟಾಗಿ ಪ್ರಕಟಿಸುವ ಸಂಕೇತಗಳು ಅಡಗಿದ್ದವು. ಲಾಗಿನ್ ಆದವರಿಗೆ ಆ ಪುಟಗಳು ಕಾಣುತ್ತಲೇ ಇರಲಿಲ್ಲ. ಹೊರಗಿನ ಓದುಗರಿಗೆ ಮಾತ್ರ ಕಾಣುತ್ತಿದ್ದವು. ಅದೇ ವರ್ಷ ಅದನ್ನು ಅಧಿಕೃತ ಸಂಗ್ರಹದಿಂದ ತೆಗೆದುಹಾಕಲಾಯಿತು. ಇದರಿಂದ ಸದಸ್ಯರು ಕಲಿಯಬೇಕಾದ ಸರಳ ಪಾಠವೊಂದಿದೆ: ಆಗಾಗ ತಮ್ಮ ಸ್ವಂತ ಮೊಬೈಲ್‌ನಲ್ಲಿ, ಸಾಮಾನ್ಯ ನಾಗರಿಕರಂತೆ, ಪಂಚಾಯಿತಿಯ ಜಾಲತಾಣವನ್ನು ತೆರೆದು ನೋಡಬೇಕು.

ಪ್ಲಗಿನ್ ಆಯ್ಕೆಯಲ್ಲಿ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು:

ಅ) ಈ ಸೌಲಭ್ಯ ನಿಜವಾಗಿಯೂ ಅಗತ್ಯವೇ? ಅಲಂಕಾರಕ್ಕಾಗಿ ಸೇರಿಸಿದ ಪ್ಲಗಿನ್ ವ್ಯರ್ಥ ಹೊಣೆ.
ಆ) ಕೊನೆಯ ಬಾರಿ ನವೀಕರಣಗೊಂಡದ್ದು ಯಾವಾಗ? ಎಷ್ಟು ಜಾಲತಾಣಗಳು ಬಳಸುತ್ತಿವೆ? ಈ ವಿವರಗಳು ಅಧಿಕೃತ ಸಂಗ್ರಹದ ಪುಟದಲ್ಲಿಯೇ ಇರುತ್ತವೆ.
ಇ) ಹಣ ಕೊಟ್ಟು ಪಡೆಯಬೇಕಾದ ಪ್ಲಗಿನ್‌ನ ಕಳ್ಳಪ್ರತಿಯನ್ನು ಹಾಕಿಲ್ಲವಷ್ಟೆ? ಇಂತಹ ಪ್ರತಿಗಳಲ್ಲಿ ಕೇಡಿನ ಸಂಕೇತಗಳು ಅಡಗಿರಬಹುದು. ಅಧಿಕೃತ ನವೀಕರಣವೂ ದೊರೆಯುವುದಿಲ್ಲ.
ಈ) ಬಳಕೆಯಲ್ಲಿಲ್ಲದ ಪ್ಲಗಿನ್‌ಗಳನ್ನು ಪೂರ್ಣವಾಗಿ ಅಳಿಸಲಾಗಿದೆಯೇ? ನಿಷ್ಕ್ರಿಯಗೊಳಿಸಿದರೂ ಅವುಗಳ ಕಡತಗಳು ಸರ್ವರ್‌ನಲ್ಲಿ ಉಳಿದು, ದಾಳಿಗೆ ದಾರಿಯಾಗಬಲ್ಲವು.

5. "ಅಪ್‌ಡೇಟ್ ಮಾಡಿದರೆ ಸೈಟ್ ಕೆಟ್ಟುಹೋಗುತ್ತದೆ" ಎಂಬ ಉತ್ತರ

ನಿರ್ವಹಣೆಯ ಗುತ್ತಿಗೆದಾರರಿಂದ ಈ ಉತ್ತರ ಬಂದರೆ ಅದನ್ನು ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ, ಕಾರಣವನ್ನು ಕೇಳಬೇಕು. ಕೆಲವರು ಥೀಮ್‌ನ ಮೂಲ ಕಡತಗಳನ್ನೇ ನೇರವಾಗಿ ತಿದ್ದಿ ಪಂಚಾಯಿತಿಯ ಹೆಸರು, ಲಾಂಛನ, ಕನ್ನಡ ಅಕ್ಷರ ವಿನ್ಯಾಸ ಮುಂತಾದವನ್ನು ಅಳವಡಿಸಿರುತ್ತಾರೆ. ಥೀಮ್ ನವೀಕರಿಸಿದಾಗ ಹೊಸ ಕಡತಗಳು ಹಳೆಯವುಗಳ ಸ್ಥಾನಕ್ಕೆ ಬರುವುದರಿಂದ ಈ ಬದಲಾವಣೆಗಳು ಅಳಿದುಹೋಗುತ್ತವೆ. ಇದಕ್ಕೆ ಪರಿಹಾರವೆಂದರೆ ಚೈಲ್ಡ್ ಥೀಮ್. ಅದರಲ್ಲಿ ಸ್ಥಳೀಯ ಬದಲಾವಣೆಗಳು ಪ್ರತ್ಯೇಕವಾಗಿರುತ್ತವೆ; ಮೂಲ ಥೀಮ್ ನವೀಕರಣಗೊಂಡರೂ ಅವು ಉಳಿಯುತ್ತವೆ. ನವೀಕರಣವನ್ನು ನಿಲ್ಲಿಸುವುದು ಪರಿಹಾರವಲ್ಲ. ಕೆಲಸವನ್ನು ಸರಿಯಾದ ರೀತಿಯಲ್ಲಿ ಮಾಡಿಸುವುದು ಪರಿಹಾರ.

6. ನವೀಕರಣದ ಕ್ರಮ

ಮೊದಲಿಗೆ ಕಡತಗಳು ಮತ್ತು ದತ್ತಾಂಶ, ಎರಡನ್ನೂ ಬ್ಯಾಕಪ್ ತೆಗೆಯಬೇಕು. ಛಾಯಾಚಿತ್ರಗಳು ಕಡತಗಳಲ್ಲಿಯೂ ಬರಹಗಳು ದತ್ತಾಂಶದಲ್ಲಿಯೂ ಇರುವುದರಿಂದ ಒಂದನ್ನು ಮಾತ್ರ ತೆಗೆದರೆ ಸಾಲದು. ಬ್ಯಾಕಪ್ ಅದೇ ಸರ್ವರ್‌ನಲ್ಲಿ ಮಾತ್ರವಿದ್ದರೆ ಸರ್ವರ್‌ನೊಂದಿಗೆ ಅದೂ ನಾಶವಾದೀತು. ಒಂದು ಪ್ರತಿ ಬೇರೆಡೆ ಇರಲಿ. ದೊಡ್ಡ ನವೀಕರಣವನ್ನು ಮೊದಲು ಪ್ರಾಯೋಗಿಕ ಪ್ರತಿಯಲ್ಲಿ ಪರೀಕ್ಷಿಸಿ, ಅನಂತರ ನಿಜವಾದ ಜಾಲತಾಣಕ್ಕೆ ಅಳವಡಿಸಬೇಕು. ಆ ಬಳಿಕ ಮುಖಪುಟ, ದೂರಿನ ನಮೂನೆ, ಪಾವತಿಯ ಕೊಂಡಿ, ಕನ್ನಡ ಅಕ್ಷರಗಳು ಸರಿಯಾಗಿವೆಯೇ ಎಂದು ನೋಡಿ, ದಿನಾಂಕದೊಡನೆ ವಹಿಯಲ್ಲಿ ನಮೂದಿಸಬೇಕು. ವರ್ಷಕ್ಕೊಮ್ಮೆಯಾದರೂ ಬ್ಯಾಕಪ್‌ನಿಂದ ಜಾಲತಾಣವನ್ನು ಮರಳಿ ಸ್ಥಾಪಿಸಿ ನೋಡುವುದು ಒಳಿತು; ಹಾಗೆ ಪರೀಕ್ಷಿಸದ ಬ್ಯಾಕಪ್ಪನ್ನು ನಂಬುವಂತಿಲ್ಲ.

ಒಂದೇ ಪಾಸ್‌ವರ್ಡನ್ನು ಹಲವರು ಹಂಚಿಕೊಳ್ಳಬಾರದು. ಸುದ್ದಿ, ಸುತ್ತೋಲೆ ಹಾಕುವ ಡೇಟಾ ಎಂಟ್ರಿ ಆಪರೇಟರ್‌ಗೆ ಸಂಪಾದಕರ ಅಧಿಕಾರ ಸಾಕು. ಪ್ಲಗಿನ್ ಸೇರಿಸುವ ನಿರ್ವಾಹಕರ ಅಧಿಕಾರ ಬೇಡ. ಗುತ್ತಿಗೆ ಮುಗಿದ ದಿನವೇ ಗುತ್ತಿಗೆದಾರರ ಖಾತೆಯನ್ನು ರದ್ದುಪಡಿಸಬೇಕು. ಡೊಮೇನ್ ಹೆಸರು ಮತ್ತು ಹೋಸ್ಟಿಂಗ್ ಪಂಚಾಯಿತಿಯ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು.

7. ದಾಳಿ ನಡೆದರೆ

ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಅದರಂತೆ, ಜಾಲತಾಣದ ವಿರೂಪ, ಅನಧಿಕೃತ ಪ್ರವೇಶ ಮುಂತಾದ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸದರಿ ಸಂಸ್ಥೆಗೆ ವರದಿ ಮಾಡಬೇಕು. ಕುರುಹುಗಳನ್ನು ಅಳಿಸದೆ ಜಾಲತಾಣವನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿ, ಗ್ರಾಮಸ್ಥರಿಗೆ ಸೂಚನಾ ಫಲಕದ ಮೂಲಕ ತಿಳಿಸಬೇಕು. ನಕಲಿ ಕೊಂಡಿಯಲ್ಲಿ ಯಾರಾದರೂ ಹಣ ಕಳೆದುಕೊಂಡಿದ್ದರೆ ವಿಳಂಬವಿಲ್ಲದೆ 1930 ಸಹಾಯವಾಣಿಗೆ ಕರೆ ಮಾಡಲು ತಿಳಿಸಬೇಕು.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1) ನಮ್ಮ ಜಾಲತಾಣದ ಮೂಲ ತಂತ್ರಾಂಶ ಯಾವುದು? ಈಗಿನ ಆವೃತ್ತಿ ಎಷ್ಟು?
2) ಎಷ್ಟು ಪ್ಲಗಿನ್‌ಗಳಿವೆ? ಒಂದೊಂದರ ಅಗತ್ಯವೇನು?
3) ಕೊನೆಯ ನವೀಕರಣ ಮತ್ತು ಕೊನೆಯ ಬ್ಯಾಕಪ್ ನಡೆದ ದಿನಾಂಕ ಯಾವುದು?
4) ನಿರ್ವಾಹಕರ ಅಧಿಕಾರ ಎಷ್ಟು ಮಂದಿಗಿದೆ? ಅವರು ಯಾರು?

ನಿರ್ಣಯದ ಮಾದರಿ

"ಪಂಚಾಯಿತಿಯ ಜಾಲತಾಣದ ಭದ್ರತಾ ನವೀಕರಣಗಳನ್ನು ಬಿಡುಗಡೆಯಾದ ಕೂಡಲೇ ಅಳವಡಿಸುವ, ವಾರಕ್ಕೊಮ್ಮೆ ಬ್ಯಾಕಪ್ ತೆಗೆಯುವ ಹಾಗೂ ಪ್ರತಿ ತಿಂಗಳು ನವೀಕರಣದ ವಹಿಯನ್ನು ಸಭೆಗೆ ಮಂಡಿಸುವ ಹೊಣೆಯನ್ನು ನಿರ್ವಹಣಾ ಕರಾರಿನಲ್ಲಿ ಸ್ಪಷ್ಟವಾಗಿ ಸೇರಿಸಲು, ಸದರಿ ಕಾರ್ಯದ ಮೇಲ್ವಿಚಾರಣೆಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ ವಹಿಸಲು ಹಾಗೂ ವಾರ್ಷಿಕ ನಿರ್ವಹಣೆಯ ವೆಚ್ಚವನ್ನು ಆಯವ್ಯಯದಲ್ಲಿ ಸೇರಿಸಲು ಸಭೆಯು ತೀರ್ಮಾನಿಸಿತು."