ಹಿರಿಯರು ಪೂಜೆ ಬಿಟ್ಟರೆ ಗಮನ ಕೊಡಿ

ವರ್ಷಾನುಗಟ್ಟಲೆ ತಪ್ಪದೆ ತುಳಸಿಕಟ್ಟೆಗೆ ನೀರೆರೆದ ಅಮ್ಮ ಒಂದು ದಿನ ‘ಇನ್ನು ನೀನೇ ಹಾಕಿಬಿಡು’ ಎನ್ನುತ್ತಾರೆ. ಭಜನೆಗೆ ಹೋಗುವುದೂ ನಿಲ್ಲುತ್ತದೆ. ‘ವಯಸ್ಸಾಯ್ತು, ವೈರಾಗ್ಯ ಬಂದಿದೆ’ ಎಂದು ಮನೆಯವರು ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಸುಮ್ಮನಾಗಬೇಡಿ. ಇಳಿವಯಸ್ಸಿನ ಖಿನ್ನತೆಯಲ್ಲಿ ಅಳು ಕಾಣದೇ ಇರಬಹುದು. ಇಷ್ಟದ ಕೆಲಸ ಬೇಡವಾಗುವುದು, ನಸುಕಿಗೂ ಮೊದಲೇ ಎಚ್ಚರವಾಗುವುದು, ಊಟ ಸೇರದಿರುವುದು, ಕಾರಣ ತಿಳಿಯದ ಮೈಕೈ ನೋವು ಇವೇ ಅದರ ಲಕ್ಷಣಗಳು. ದೇವರನ್ನೇ ನೆಚ್ಚಿ ಬಾಳಿದವರಲ್ಲಿ ಮೊದಲ ಸುಳಿವು ದೇವರ ಮನೆಯಲ್ಲೇ ಸಿಗುತ್ತದೆ.

ಮೊದಲು ಪಕ್ಕದಲ್ಲಿ ಕೂತು ಕೇಳಿ

ಎಷ್ಟೋ ಸಲ ಅಡ್ಡಿ ಇರುವುದು ದೇಹದಲ್ಲಿ. ಮಂಡಿನೋವಿನಿಂದ ನೆಲಕ್ಕೆ ಕೂರಲಾಗದು, ಪೊರೆ ಬಂದು ಸ್ತೋತ್ರದ ಅಕ್ಷರ ಕಾಣದು. ಮೂತ್ರ ತಡೆಯಲಾಗದೆ ಮಡಿ ಕೆಟ್ಟೀತೆಂಬ ಮುಜುಗರದಿಂದ ಗುಡಿಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಇದನ್ನು ಮಕ್ಕಳ ಹತ್ತಿರ ಅವರು ತಾವಾಗಿ ಹೇಳುವುದಿಲ್ಲ. ಇವಕ್ಕೆಲ್ಲ ಚಿಕಿತ್ಸೆಯಿದೆ. ಇಷ್ಟಲಿಂಗ ಪೂಜೆಯಾಗಲಿ, ನಮಾಜ್ ಆಗಲಿ, ನೆಲಕ್ಕೆ ಕೂರಲಾಗದವರು ಕುರ್ಚಿಯಲ್ಲಿ ಕುಳಿತೇ ಮಾಡಬಹುದು.

ರಾಮಕೋಟಿ ಬರೆಯುವವರಾದರೆ ಹಳೆಯ ಪುಸ್ತಕವನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲು ಗುಂಡಗಿದ್ದ ಅಕ್ಷರ ಈಗ ಸಾಲಿನ ಕೊನೆಗೆ ಹೋಗುತ್ತಾ ಸಣ್ಣದಾಗಿ, ಇಕ್ಕಟ್ಟಾಗಿದ್ದರೆ ಅದು ಪಾರ್ಕಿನ್ಸನ್ ಕಾಯಿಲೆಯ ಆರಂಭವಿರಬಹುದು. ಆರತಿ ಆದ ಮೇಲೆ ಮತ್ತೆ ಆರತಿ ಎತ್ತುವುದು, ಬಾಯಿಪಾಠವಿದ್ದ ಶ್ಲೋಕ ನಡುವೆ ತಪ್ಪುವುದು ಮರೆವಿನ ಕಾಯಿಲೆಯ ಸೂಚನೆಯಾಗಬಹುದು. ನರರೋಗ ತಜ್ಞರಿಗೆ ಆ ಪುಸ್ತಕವನ್ನೇ ತೋರಿಸಿ.

ಒಂಟಿಯಾಗಿ ಬಿಡಬೇಡಿ

ಟಿವಿಯಲ್ಲಿ ದಿನವಿಡೀ ಪ್ರವಚನ ಹಾಕಿಟ್ಟರೆ ಹಿರಿಯರ ಮನಸ್ಸು ತುಂಬುವುದಿಲ್ಲ. ಮನಸ್ಸು ಹಿಡಿದು ನಿಲ್ಲಿಸುವುದು ಜನ. ಭಜನಾ ಮಂಡಳಿ, ಗಮಕ ವಾಚನ, ಕಗ್ಗದ ಓದು, ಚರ್ಚಿನ ಜಪಸರ, ಯಾವುದಾದರೂ ಸರಿ, ವಾರಕ್ಕೊಮ್ಮೆಯಾದರೂ ಕರೆದೊಯ್ಯಲು ಮನೆಯಲ್ಲಿ ಒಬ್ಬರು ಹೊಣೆ ಹೊರಬೇಕು. ಅಲ್ಲೂ ಕೈಗೊಂದು ಕೆಲಸ ಸಿಗಲಿ: ಹೂಬತ್ತಿ ಹೊಸೆಯುವುದು, ಹೂ ಕಟ್ಟುವುದು, ಮಕ್ಕಳಿಗೆ ದೇವರನಾಮ ಕಲಿಸುವುದು.

ಗಂಡನನ್ನು ಕಳೆದುಕೊಂಡ ತಾಯಿಯನ್ನು ಅರಿಸಿನ ಕುಂಕುಮದ ಹೊತ್ತಿಗೆ ಒಳಕೋಣೆಗೆ ಕಳಿಸುವ ಮನೆಗಳು ಇನ್ನೂ ಇವೆ. ಅವರ ದುಃಖಕ್ಕೆ ಇದಕ್ಕಿಂತ ದೊಡ್ಡ ಗಾಯ ಬೇರೆ ಬೇಡ. ಅವರ ಕೈಯಿಂದಲೇ ಮೊದಲ ದೀಪ ಹಚ್ಚಿಸಿ.

ಉಪವಾಸಕ್ಕೆ ಮೊದಲು ಮಾತ್ರೆ ನೋಡಿ

ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಏಕಾದಶಿ ಉಪವಾಸ ಮಾಡಿದರೆ ಸಕ್ಕರೆ ಮಟ್ಟ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಗಲಿಬಿಲಿ ಕಾಣಿಸಬಹುದು. ತಕ್ಷಣ ಸಕ್ಕರೆ ನೀರು ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೇನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ನೀರೂ ಮುಟ್ಟದ ಉಪವಾಸ ಬೇಡ. ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ವೈದ್ಯರನ್ನು ಮುಂಚೆಯೇ ಕೇಳಿ. ಉಪವಾಸ ಬಿಟ್ಟರೆ ಪಾಪ ಬರುತ್ತದೆಂಬ ಅಂಜಿಕೆಯಿದ್ದರೆ ಅವರು ನಂಬುವ ಗುರುಗಳಿಂದಲೇ ಹೇಳಿಸಿ. ರಂಜಾನ್ ಉಪವಾಸ ಹಿಡಿಯಲಾಗದ ವೃದ್ಧರು ಬದಲಿಗೆ ಬಡವರಿಗೆ ಊಟ ಕೊಡಬಹುದು. ಕ್ಯಾಥೋಲಿಕರಲ್ಲಿ 59 ತುಂಬಿದವರಿಗೆ ಉಪವಾಸದ ಕಟ್ಟುಪಾಡಿಲ್ಲ.

ಯಾವಾಗ ವೈದ್ಯರ ಬಳಿಗೆ?

ಬೇಸರ, ನಿರಾಸಕ್ತಿ ಎರಡು ವಾರ ದಾಟಿದರೆ ತಡಮಾಡಬೇಡಿ. ‘ದೇವರು ಬೇಗ ಕರೆಸಿಕೊಳ್ಳಲಿ’ ಎಂಬುದು ಹಿರಿಯರ ಮಾಮೂಲಿ ಮಾತೇ. ಆದರೆ ಅದನ್ನೇ ದಿನವೂ ಹೇಳುತ್ತಾ, ‘ನನ್ನ ಪಾಪಕ್ಕೆ ಶಿಕ್ಷೆ’ ಎಂದು ಕೊರಗುತ್ತಾ, ಊಟ ಮಾತ್ರೆ ನಿರಾಕರಿಸಿದರೆ ಅಂದೇ ಕರೆದೊಯ್ಯಿರಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ; ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಥೈರಾಯ್ಡ್, ಬಿ12 ಕೊರತೆಯಿಂದಲೂ ಮಂಕು ಕವಿಯುವುದರಿಂದ ರಕ್ತಪರೀಕ್ಷೆ ಬೇಕಾಗಬಹುದು.

ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹಿರಿಯರ ಸಹಾಯವಾಣಿ 14567. ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ತಾಲ್ಲೂಕು ಇಲ್ಲವೇ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಖಿನ್ನತೆಯ ಮಾತ್ರೆ ಪೂರ್ತಿ ಕೆಲಸ ಮಾಡಲು ಕೆಲವು ವಾರ ಬೇಕು; ಹರಕೆ ತೀರಿತು, ಚೇತರಿಸಿಕೊಂಡರು ಎಂದು ನಡುವೆ ನಿಲ್ಲಿಸಬೇಡಿ. ಯಾತ್ರೆಗೆ ಹೊರಟಾಗ ಮಾತ್ರೆಯನ್ನೂ ವೈದ್ಯರ ಚೀಟಿಯನ್ನೂ ದೊಡ್ಡ ಬ್ಯಾಗಿಗೆ ತುಂಬದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.